ಮಡಚಿ ಕೈಗೆ ಕೊಡುವ ದನಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಸೀಮೆಯ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಸಮೀರವಾಡಿಯ ಇಲ್ಲವೆ ಸಿದ್ದಾಪುರದ ಸಕ್ಕರೆ ಕಾರ್ಖಾನೆಗೆ ಹೊರಟ ಚಾಲಕನಿಗೆ ದಾರಿಯ ಜೊತೆ ಎಂದರೆ ಡೆಕ್. ಅದಕ್ಕೆ ಸಿಕ್ಕಿಸಿದ ಪೆನ್‌ಡ್ರೈವ್‌ನಲ್ಲಿ ಜಾನಪದ ಹಾಡು, ಡೊಳ್ಳಿನ ಪದ, ನಡುನಡುವೆ ಒಂದು ಪ್ರವಚನ. ಕಾರ್ಖಾನೆಯ ಮುಂದೆ ಸರದಿ ಬರುವತನಕ ಕಾಯುವಾಗಲೂ ಅದೇ ಜೊತೆ. ಬನಹಟ್ಟಿಯ ಮಗ್ಗದ ಶೆಡ್ಡುಗಳಲ್ಲಿ ಸದ್ದಿನ ನಡುವೆ ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನ್, ಹೊಲದ ಗುಡಿಸಲಿನಲ್ಲಿ ನೇತುಹಾಕಿದ ಬ್ಲೂಟೂತ್ ಸ್ಪೀಕರ್, ಹಿರಿಯರ ಜೇಬಿನ ಕೀಪ್ಯಾಡ್ ಫೋನ್, ಜಾತ್ರೆಯಲ್ಲಿ ಗುಡಿಯ ಮೈಕ್ ಸೆಟ್. ಈ ಸಾಧನಗಳಲ್ಲಿ ಹೆಚ್ಚಿನವಕ್ಕೆ ಅಂತರ್ಜಾಲದ ಪರಿಚಯವೇ ಇಲ್ಲ. ಅವಕ್ಕೆ ಗೊತ್ತಿರುವುದು ಫೈಲ್ ಒಂದೇ. ಮೆಮೊರಿ ಕಾರ್ಡ್‌ನಲ್ಲಿ, ಜನರ ಬಾಯಲ್ಲಿ ಹೇಳುವುದಾದರೆ ಚಿಪ್‌ನಲ್ಲಿ, ಫೈಲ್ ಇದ್ದರೆ ಹಾಡುತ್ತವೆ, ಇಲ್ಲದಿದ್ದರೆ ಸುಮ್ಮನಿರುತ್ತವೆ. ಹೀಗಿರುವಾಗ ಕನ್ನಡದ ದನಿಗಳನ್ನು ಇಟ್ಟಿರುವ ಎಷ್ಟೋ ಜಾಲತಾಣಗಳು ಮಾಡುವುದೇನು? ಪ್ರವಚನದ ಹೆಸರಿನ ಮೇಲೆ ಬೆರಳಿಟ್ಟರೆ ಕಪ್ಪು ಪರದೆಯೊಂದು ತೆರೆದು, ನಡುವೆ ಒಂದು ಗೆರೆ ಓಡಿ, ದನಿ ಕೇಳತೊಡಗುತ್ತದೆ. ಪುಟ ಮುಚ್ಚಿದರೆ ದನಿ ಹೋಯಿತು. ಕೇಳಿಸಿದರು ನಿಜ, ಕೊಡಲಿಲ್ಲ. ಸಾರ್ವಜನಿಕರಿಗಾಗಿ ದನಿಯನ್ನು ಕಾಯುವ ಯಾವ ಜಾಲತಾಣವೂ ಕೇಳಿಸುವುದರ ಜೊತೆಗೆ ಕೈಗೂ ಕೊಡಬೇಕು, ಕೊಡುವಾಗ ಸರಿಯಾದ ಹೆಸರು ಹಚ್ಚಿ ಕೊಡಬೇಕು ಎಂಬುದು ನನ್ನ ವಾದ. ಇದಕ್ಕೆ ತಗಲುವ ಖರ್ಚು ಸರ್ವರ್‌ನಲ್ಲಿ ಬರೆಯುವ ಒಂದು ಸಾಲು.

ಕೇಳಿಸಿ ಕಳಿಸುವ ಈ ರೂಢಿಯನ್ನು ಯಾರೂ ಕೂತು ತೀರ್ಮಾನ ಮಾಡಿ ತಂದದ್ದಲ್ಲ. ಬ್ರೌಸರ್ ಒಂದು ವಿಳಾಸವನ್ನು ಕೇಳಿದಾಗ ಸರ್ವರ್ ವಸ್ತುವನ್ನು ಬರಿದೇ ಕಳಿಸುವುದಿಲ್ಲ; ಅದರ ಮುಂದೆ ಕೆಲವು ಸಾಲಿನ ಒಂದು ಚೀಟಿ ಇಟ್ಟು ಕಳಿಸುತ್ತದೆ. ಒಳಗಿರುವುದು ಏನು ಎಂದು ಹೇಳುವ ಸಾಲು ಅದರಲ್ಲಿ ಮುಖ್ಯ. ಎಂಪಿ3 ಫೈಲ್ ಆದರೆ ‘ಆಡಿಯೊ/ಎಂಪೆಗ್’ ಎಂದು ಬರೆದಿರುತ್ತದೆ. 1990ರ ದಶಕದ ಬ್ರೌಸರ್‌ಗೆ ಈ ಚೀಟಿ ಸಿಕ್ಕರೆ ಅದು ಕೈಚೆಲ್ಲುತ್ತಿತ್ತು, ಯಾಕೆಂದರೆ ಹಾಡುವ ವಿದ್ಯೆ ಅದಕ್ಕೆ ತಾನಾಗಿ ಬರುತ್ತಿರಲಿಲ್ಲ. ಬೇರೆ ಪ್ಲೇಯರ್‌ಗೆ ಒಪ್ಪಿಸುತ್ತಿತ್ತು, ಇಲ್ಲವೆ ಫೈಲನ್ನು ಉಳಿಸಿಕೊಳ್ಳುತ್ತೀರಾ ಎಂದು ಕೇಳುತ್ತಿತ್ತು. 2009ರಲ್ಲಿ ಫೈರ್‌ಫಾಕ್ಸ್ 3.5 ಬಂದಾಗ ಪುಟದೊಳಗೇ ದನಿ ನುಡಿಸುವ ‘ಆಡಿಯೊ’ ಟ್ಯಾಗ್ ಅದರ ಜೊತೆ ಬಂತು, ಉಳಿದ ಬ್ರೌಸರ್‌ಗಳೂ ಅದೇ ದಾರಿ ಹಿಡಿದವು, 2014ರಲ್ಲಿ ಎಚ್‌ಟಿಎಂಎಲ್5 ಅಧಿಕೃತ ಮಾನಕವಾಯಿತು. ಅಲ್ಲಿಂದ ಬ್ರೌಸರೇ ಟೇಪ್ ರೆಕಾರ್ಡರ್. ಚೀಟಿಯಲ್ಲಿ ‘ಇದು ದನಿ’ ಎಂದಷ್ಟೇ ಇದ್ದರೆ ಈಗಿನ ಬ್ರೌಸರ್ ಹಿಂದೆಮುಂದೆ ನೋಡದೆ ನುಡಿಸಿಬಿಡುತ್ತದೆ. ಜಾಲತಾಣ ಕಟ್ಟಿದವರು ಏನನ್ನೂ ಬದಲಿಸಲಿಲ್ಲ, ಹಳೆಯ ಚೀಟಿಯೇ ಹೋಗುತ್ತಿದೆ, ಓದುವ ಬ್ರೌಸರ್ ಮಾತ್ರ ಬದಲಾಯಿತು. ಹಾಗಾಗಿಯೇ ಮೊದಲು ಮನೆಗೆ ಬರುತ್ತಿದ್ದ ಫೈಲ್ ಈಗ ಅಂಗಡಿಯ ಬಾಗಿಲಲ್ಲೇ ನಿಂತುಹೋಗಿದೆ.

ರಬಕವಿಯ ಸೀರೆ ಅಂಗಡಿಯನ್ನು ನೆನೆದರೆ ಮುಂದಿನದು ಸುಲಭ. ಸೀರೆಯನ್ನು ಬಿಚ್ಚಿ, ಸೆರಗು ಹರವಿ ತೋರಿಸುವುದು ಒಂದು. ಮಡಚಿ, ಚೀಲಕ್ಕೆ ಹಾಕಿ, ಮೇಲೆ ಹೆಸರು ಬರೆದು ಕೈಗೆ ಕೊಡುವುದು ಇನ್ನೊಂದು. ಸೀರೆ ಅದೇ. ಚೀಟಿಯಲ್ಲಿ ಇದಕ್ಕೆಂದೇ ಎರಡನೆಯ ಒಂದು ಸಾಲಿಗೆ ಜಾಗವಿದೆ. ಅದರ ಹೆಸರು ‘ಕಂಟೆಂಟ್-ಡಿಸ್ಪೊಸಿಷನ್’. ಎಂದರೆ ಒಳಗಿರುವುದನ್ನು ಏನು ಮಾಡಬೇಕು ಎಂಬ ಸೂಚನೆ. ಅಲ್ಲಿ ‘ಇನ್‌ಲೈನ್’ ಎಂದಿದ್ದರೆ ಹರವಿ ತೋರಿಸು, ‘ಅಟ್ಯಾಚ್‌ಮೆಂಟ್’ ಎಂದಿದ್ದರೆ ಮಡಚಿ ಕೊಡು. ಈ ಸಾಲು ಹುಟ್ಟಿದ್ದು ಜಾಲತಾಣಕ್ಕಾಗಿ ಅಲ್ಲ, ಇಮೇಲ್‌ಗಾಗಿ. ಪತ್ರದ ಜೊತೆ ಬಂದ ಚಿತ್ರವನ್ನು ಪತ್ರದೊಳಗೇ ತೋರಿಸಬೇಕೋ, ಬೇರೆ ಕಡತವಾಗಿ ಕೊಡಬೇಕೋ ಎಂಬ ಪ್ರಶ್ನೆಗೆ 1995ರಲ್ಲಿ ಪ್ರಯೋಗವಾಗಿ ಬಂದ ಉತ್ತರ ಅದು. 1997ರಲ್ಲಿ, ಬಿಜಾಪುರದಿಂದ ಬಾಗಲಕೋಟೆ ಜಿಲ್ಲೆ ಬೇರೆಯಾದ ಅದೇ ವರ್ಷ, ಪರಿಷ್ಕಾರಗೊಂಡು ನೆಲೆನಿಂತಿತು. ಬ್ರೌಸರ್‌ಗಳು ಅದನ್ನು ಎರವಲು ಪಡೆದು ತಮತಮಗೆ ತೋಚಿದಂತೆ ಬಳಸುತ್ತಿದ್ದವು. 2011ರಲ್ಲಿ ಜಾಲತಾಣಗಳಿಗೂ ಖಚಿತವಾದ ನಿಯಮ ಬರೆಯಲಾಯಿತು. ಇವತ್ತು ಅಪಾಚೆ ಸರ್ವರ್ ಇದ್ದವರು ‘.ಎಚ್‌ಟಿ-ಆಕ್ಸೆಸ್’ ಎಂಬ ಪುಟ್ಟ ಫೈಲಿನಲ್ಲಿ, ಎಂಪಿ3 ಎಂದು ಕೊನೆಯಾಗುವ ಎಲ್ಲ ಫೈಲಿಗೂ ಈ ಸಾಲು ಸೇರಿಸು ಎಂದು ಬರೆದರೆ ಸಾಕು. ಹೆಡರ್ಸ್ ಎಂಬ ಮಾಡ್ಯೂಲ್ ಚಾಲ್ತಿಯಲ್ಲಿರಬೇಕು, ಅಷ್ಟೆ. ಎಂಜಿನೆಕ್ಸ್ ಆದರೆ ಅದರ ಸಂರಚನೆಯಲ್ಲಿ ಒಂದು ಸಾಲು. ಕ್ಲೌಡ್ ಸಂಗ್ರಹದಲ್ಲಿ ಇಟ್ಟ ಫೈಲಿಗೂ ಇದನ್ನು ಅಂಟಿಸಬಹುದು.

ಇದಕ್ಕೆ ಅಡ್ಡದಾರಿಗಳೂ ಇವೆ, ಅವು ಬಹಳ ಕಡೆ ಬಳಕೆಯಲ್ಲೂ ಇವೆ, ಆದ್ದರಿಂದ ಅವುಗಳ ತೊಡಕು ಹೇಳಬೇಕು. ಮೊದಲನೆಯದು, ಫೈಲಿನ ಜಾತಿಯನ್ನೇ ಸುಳ್ಳು ಹೇಳುವುದು. ‘ಆಡಿಯೊ/ಎಂಪೆಗ್’ ಎನ್ನುವ ಬದಲು ‘ಆಕ್ಟೆಟ್-ಸ್ಟ್ರೀಮ್’, ಅಂದರೆ ಏನೋ ಒಂದು ಬೈಟುಗಳ ರಾಶಿ ಎಂದು ಬರೆದರೆ ಬ್ರೌಸರ್ ದಿಕ್ಕು ತೋಚದೆ ಇಳಿಸಿಕೊಳ್ಳುತ್ತದೆ. ಆದರೆ ಚೀಟಿಯನ್ನು ನಂಬುವ ಬೇರೆ ಪ್ಲೇಯರ್‌ಗಳೂ ಹುಡುಕಾಟದ ಯಂತ್ರಗಳೂ ಅದು ದನಿ ಎಂಬುದನ್ನೇ ಅರಿಯದೆ ಹೋಗಬಹುದು. ಸೀರೆಯನ್ನು ಕೊಡಲು ಅದು ಸೀರೆಯೇ ಅಲ್ಲ ಎಂದು ಹೇಳುವ ಅಗತ್ಯವಿಲ್ಲ. ಎರಡನೆಯದು ಜಿಪ್ ಕಟ್ಟಿ ಇಡುವುದು. ಕಂಪ್ಯೂಟರ್ ಬಲ್ಲವರಿಗೆ ಸರಿ, ಕಡಿಮೆ ಬೆಲೆಯ ಫೋನಿನಲ್ಲಿ ಆ ಗಂಟು ಬಿಚ್ಚುವುದು ಹಲವರಿಗೆ ಆಗದ ಕೆಲಸ. ಮೂರನೆಯದು ಲಿಂಕಿನಲ್ಲಿ ‘ಡೌನ್‌ಲೋಡ್’ ಎಂಬ ಪದ ಸೇರಿಸುವುದು. ಚೆನ್ನಾಗಿ ನಡೆಯುತ್ತದೆ, ಆದರೆ ಲಿಂಕ್ ಇರುವ ಪುಟವೂ ಫೈಲ್ ಇರುವ ತಾಣವೂ ಒಂದೇ ಆಗಿದ್ದರೆ ಮಾತ್ರ. 2018ರಲ್ಲಿ ಬಂದ ಕ್ರೋಮ್ 65ರಿಂದ, ಬೇರೆ ತಾಣದ ಫೈಲಿಗೆ ಈ ಪದ ಹಚ್ಚಿದರೆ ಬ್ರೌಸರ್ ಅದನ್ನು ಕಡೆಗಣಿಸುತ್ತದೆ. ಸುರಕ್ಷತೆಗಾಗಿ ತಂದ ಈ ನಿಯಮ ಗೊತ್ತಿಲ್ಲದೆ, ಫೈಲುಗಳನ್ನು ಒಂದು ಕಡೆ, ಪುಟಗಳನ್ನು ಇನ್ನೊಂದು ಕಡೆ ಇಟ್ಟವರು ಗುಂಡಿ ಕೆಟ್ಟಿತೆಂದು ತಲೆ ಕೆರೆದುಕೊಳ್ಳುತ್ತಾರೆ. ಇನ್ನು ಕೊನೆಯದು, ‘ಲಿಂಕ್ ಮೇಲೆ ಬೆರಳು ಒತ್ತಿ ಹಿಡಿಯಿರಿ, ಬರುವ ಪಟ್ಟಿಯಲ್ಲಿ ಉಳಿಸು ಎಂಬುದನ್ನು ಆರಿಸಿ’ ಎಂದು ಕೇಳುಗರಿಗೇ ಪಾಠ ಹೇಳುವುದು. ಒಂದೊಂದು ಫೋನಿನಲ್ಲಿ ಒಂದೊಂದು ಪಟ್ಟಿ. ಐಫೋನಿನ ಸಫಾರಿಗೆ ಡೌನ್‌ಲೋಡ್ ವ್ಯವಸ್ಥೆ ಬಂದದ್ದೇ 2019ರಲ್ಲಿ. ಜಾಲತಾಣದವರು ಒಮ್ಮೆ ಮಾಡಿ ಮುಗಿಸಬಹುದಾದ ಕೆಲಸವನ್ನು ಸಾವಿರ ಜನ ಸಾವಿರ ಸಲ ಮಾಡಲಿ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ, ಅದು ನ್ಯಾಯವಾದದ್ದೂ ಹೌದು. ಬೆರಳಿಟ್ಟ ಕೂಡಲೇ ಫೈಲ್ ಇಳಿಯತೊಡಗಿದರೆ, ಒಂದೆರಡು ನಿಮಿಷ ಕೇಳಿ ನೋಡೋಣ ಎಂದು ಬಂದವರ ಗತಿ ಏನು? ಎರಡು ಗಂಟೆಯ ಪ್ರವಚನದಲ್ಲಿ ತಮಗೆ ಬೇಕಾದ ವಿಷಯ ಇದೆಯೋ ಇಲ್ಲವೋ ಎಂದು ತಿಳಿಯಲು ಇಡೀ ಫೈಲನ್ನು ಫೋನಿಗೆ ತುಂಬಿಕೊಳ್ಳಬೇಕೆ? ಬೇಕಿಲ್ಲ. ಜಾಲತಾಣ ಕಟ್ಟುವವರಲ್ಲೂ ಹಲವರಿಗೆ ಗೊತ್ತಿಲ್ಲದ ಒಂದು ಸಂಗತಿ ಇಲ್ಲಿದೆ. ಪುಟದೊಳಗೆ ಕೂರಿಸಿದ ಪ್ಲೇಯರ್ ‘ಅಟ್ಯಾಚ್‌ಮೆಂಟ್’ ಎಂಬ ಸೂಚನೆಯನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಆ ಸೂಚನೆ ಅನ್ವಯಿಸುವುದು ಲಿಂಕ್ ಒತ್ತಿ ಫೈಲಿನ ವಿಳಾಸಕ್ಕೇ ಹೋದಾಗ ಮಾತ್ರ. ಆದ್ದರಿಂದ ಒಂದೇ ಫೈಲ್, ಒಂದೇ ವಿಳಾಸ, ಒಂದೇ ಚೀಟಿ ಇಟ್ಟುಕೊಂಡು ಪುಟದ ಮೇಲೆ ಪ್ಲೇಯರನ್ನೂ ಅದರ ಪಕ್ಕದಲ್ಲಿ ‘ಇಳಿಸಿಕೊಳ್ಳಿ’ ಎಂಬ ಲಿಂಕನ್ನೂ ಇಡಬಹುದು. ಪ್ಲೇಯರ್ ನುಡಿಸುತ್ತದೆ, ಲಿಂಕ್ ಕೊಡುತ್ತದೆ. ಸರ್ವರ್ ಫೈಲಿನ ತುಣುಕನ್ನಷ್ಟೇ ಕೊಡಬಲ್ಲದಾದರೆ ನಡುವಿನಿಂದ ಕೇಳಬಹುದು, ನಿಂತುಹೋದ ಡೌನ್‌ಲೋಡನ್ನು ನಿಂತಲ್ಲಿಂದ ಮುಂದುವರಿಸಲೂಬಹುದು. ಕೇಳುವವರು ಮತ್ತು ಒಯ್ಯುವವರ ನಡುವೆ ಜಗಳವಿದೆ ಎಂದುಕೊಂಡೇ ಎಷ್ಟೋ ತಾಣಗಳು ಒಯ್ಯುವವರನ್ನು ಕೈಬಿಟ್ಟಿವೆ. ಆ ಜಗಳ ತಂತ್ರಜ್ಞಾನದಲ್ಲಿ ಇಲ್ಲವೇ ಇಲ್ಲ. ಇರುವುದಾದರೆ ಮನಸ್ಸಿನಲ್ಲಿದೆ. ಪ್ಲೇಯರಿನಲ್ಲಿ ತಾನಾಗಿ ಬರುವ ಡೌನ್‌ಲೋಡ್ ಗುಂಡಿಯನ್ನು ಮರೆಮಾಡುವ ಸೌಲಭ್ಯವನ್ನೂ ಕ್ರೋಮ್ 2017ರಲ್ಲಿ ಒದಗಿಸಿತು. ಹಾಡು ಮಾರುವವರಿಗೆ ಅದು ಬೇಕಾದೀತು, ದನಿಯನ್ನು ಹಂಚಲೆಂದೇ ಹುಟ್ಟಿದ ಸಂಸ್ಥೆಗಳ ಪುಟದಲ್ಲಿ ಅದಕ್ಕೆ ಏನು ಕೆಲಸ?

ಕೈಗೆ ಕೊಟ್ಟದ್ದು ಉಳಿಯುತ್ತದೆ ಎಂಬುದಕ್ಕೆ ಈ ಸೀಮೆಯಲ್ಲೇ ಸಾಕ್ಷಿಗಳಿವೆ. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸೆವು ಎಂದು ಬ್ರಿಟಿಷರ ವಿರುದ್ಧ ಎದ್ದ ಕಥೆ ಇವತ್ತು ಕನ್ನಡ ಶಾಲೆಯ ಮಕ್ಕಳಿಗೂ ಗೊತ್ತು. ಗೊತ್ತಾಗಲು ಕಾರಣ ಒಂದು ಲಾವಣಿ. ಜೆ.ಎಫ್. ಫ್ಲೀಟ್ ಎಂಬ ಅಧಿಕಾರಿ ಈ ಭಾಗದ ಲಾವಣಿಗಳನ್ನು ಬರೆಸಿಕೊಂಡು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಹಾಡುವವರ ಬಾಯಿಂದ ಕಾಗದಕ್ಕೆ ಇಳಿದದ್ದರಿಂದ ಮಾತು ಉಳಿಯಿತು, ಪತ್ರಿಕೆಯ ಪ್ರತಿಗಳು ಹಲವು ಊರಿನ ಗ್ರಂಥಾಲಯಗಳಿಗೆ ಹೋದದ್ದರಿಂದ ಗಟ್ಟಿಯಾಗಿ ಉಳಿಯಿತು. ಉಳಿಯದೆ ಹೋದದ್ದು ಆ ಹಾಡುಗಾರನ ದನಿ: ಯಾವ ಮಟ್ಟಿನಲ್ಲಿ ಎತ್ತಿಕೊಂಡ, ಎಲ್ಲಿ ಉಸಿರು ನಿಲ್ಲಿಸಿದ, ಊರಿನವರ ಹೆಸರು ಬಂದಾಗ ಯಾವ ಭಾವದಲ್ಲಿ ಹಾಡಿದ. ಆಗ ದನಿ ಹಿಡಿದಿಡುವ ಸಾಧನ ಇಲ್ಲಿ ಬಳಕೆಯಲ್ಲಿರಲಿಲ್ಲ. ಮುಂದಿನ ತಲೆಮಾರಿಗೆ ಅದು ಸಿಕ್ಕಿತು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ, 1943ರ ‘ಕಿಸ್ಮತ್’ ಸಿನಿಮಾದ ಹಾಡುಗಳಿಂದ ದೇಶದ ಉದ್ದಗಲಕ್ಕೂ ಮನೆಮಾತಾದರು. ರಹಮತ್ ತರೀಕೆರೆಯವರು ಅವರ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಅಮೀರ್‌ಬಾಯಿ 1965ರಲ್ಲಿ ತೀರಿಕೊಂಡರು, ದನಿ ಇನ್ನೂ ಕೇಳುತ್ತದೆ. ಒಂದು ಬದಿಗೆ ಮೂರು ನಿಮಿಷದಷ್ಟೇ ಹಿಡಿಯುವ ಗ್ರಾಮಾಫೋನ್ ತಟ್ಟೆ ಸಾವಿರಾರು ಮನೆ ಸೇರಿತ್ತು, ಒಂದು ಒಡೆದರೆ ಇನ್ನೊಂದು ಇತ್ತು. ಇದಕ್ಕೆ ಎದುರಾಗಿ 1931ರ ‘ಆಲಂ ಆರಾ’ವನ್ನು ನೋಡಿ. ಭಾರತದ ಮೊದಲ ಮಾತಿನ ಚಿತ್ರ ಅದು, ಹಾಡುಗಳೂ ಇದ್ದವು. ಆದರೆ ಆ ಹಾಡುಗಳನ್ನು ತಟ್ಟೆಯಲ್ಲಿ ಬಿಡುಗಡೆ ಮಾಡಲಿಲ್ಲ; ಚಿತ್ರದ ಪ್ರತಿ ಕಳೆದುಹೋದಾಗ ಹಾಡೂ ಅದರ ಜೊತೆಗೇ ಹೋಯಿತು. ಚಿತ್ರಮಂದಿರದಲ್ಲಿ ಲಕ್ಷಾಂತರ ಜನ ಕೇಳಿದ ಹಾಡು ಅದು. ಅವರಲ್ಲಿ ಒಬ್ಬರ ಕೈಗೂ ಅದನ್ನು ಕೊಟ್ಟಿರಲಿಲ್ಲ.

ಅದು ಹಳೆಯ ಕಾಲ, ಈಗ ಸರ್ವರ್‌ಗಳು ಭದ್ರವಾಗಿವೆ ಎನ್ನುವವರಿಗೆ 2019ರ ಮೈಸ್ಪೇಸ್ ಪ್ರಕರಣವನ್ನು ತೋರಿಸಬೇಕು. ಒಂದು ಕಾಲಕ್ಕೆ ಹಾಡುಗಾರರ ದೊಡ್ಡ ತಾಣವಾಗಿದ್ದ ಅದು, ಸರ್ವರ್ ಬದಲಿಸುವಾಗ 2003ರಿಂದ 2015ರವರೆಗೆ ಜನ ಏರಿಸಿದ್ದ ಹಾಡುಗಳನ್ನು ಕಳೆದುಕೊಂಡೆವು ಎಂದು ಒಪ್ಪಿಕೊಂಡಿತು. ಸುಮಾರು 5 ಕೋಟಿ ಹಾಡು ಹೋದವೆಂದು ಆಗ ಪತ್ರಿಕೆಗಳು ಅಂದಾಜು ಮಾಡಿದವು. ಅವುಗಳಲ್ಲಿ ಸುಮಾರು 4 ಲಕ್ಷ 90 ಸಾವಿರ ಹಾಡುಗಳು ಆಮೇಲೆ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಮರಳಿ ಕಾಣಿಸಿಕೊಂಡವು. ಹೇಗೆ? 2008ರಿಂದ 2010ರ ನಡುವೆ ಸಂಶೋಧನೆಗೆಂದು ಯಾರೋ ಅವನ್ನು ಇಳಿಸಿಟ್ಟುಕೊಂಡಿದ್ದರು. ಉಳಿದದ್ದು ಇಳಿಸಿಕೊಂಡದ್ದು ಮಾತ್ರ. ಇಷ್ಟು ದೊಡ್ಡ ಅನಾಹುತವೇ ಆಗಬೇಕೆಂದಿಲ್ಲ. ಹಳೆಯ ಎಷ್ಟೋ ತಾಣಗಳು ದನಿಯನ್ನು ಫ್ಲಾಶ್ ಪ್ಲೇಯರಿನೊಳಗೆ ಬಚ್ಚಿಟ್ಟಿದ್ದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲಾಶ್‌ಗೆ ತೆರೆ ಎಳೆಯಿತು, ಮುಂದಿನ ತಿಂಗಳು ಅದು ನಡೆಯದಂತೆಯೂ ಮಾಡಿತು. ಪುಟ ಇದೆ, ಫೈಲ್ ಎಲ್ಲೋ ಒಳಗಿದೆ, ದನಿ ಮಾತ್ರ ಮೂಕ. ಅದೇ ಕಾಲದಲ್ಲಿ ಬರಿಯ ಎಂಪಿ3 ಫೈಲಾಗಿ ಇಟ್ಟದ್ದು ಇವತ್ತಿಗೂ ಯಾವ ಫೋನಿನಲ್ಲೂ ಹಾಡುತ್ತದೆ. ಸಣ್ಣ ಸಂಸ್ಥೆಗಳ ಮಟ್ಟಿಗೆ ಅಪಾಯ ಇನ್ನೂ ಸಾದಾ ಸೀದಾ: ವರ್ಷದ ಬಾಡಿಗೆ ಕಟ್ಟುವುದು ಮರೆತರೆ ತಾಣ ಹೋಯಿತು, ತಾಣ ನೋಡಿಕೊಳ್ಳುತ್ತಿದ್ದ ಹುಡುಗ ಬೇರೆ ಊರಿಗೆ ಹೋದರೆ ಪಾಸ್‌ವರ್ಡೂ ಅವನ ಜೊತೆ ಹೋಯಿತು. ಮನೆಯ ಟ್ರಂಕಿನಲ್ಲಿರುವ ಕ್ಯಾಸೆಟ್ಟುಗಳೇನೂ ಅದಕ್ಕಿಂತ ಭದ್ರವಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಊರೊಳಗೆ ನುಗ್ಗಿದ್ದನ್ನು ಈ ಸೀಮೆಯವರಿಗೆ ನೆನಪಿಸಬೇಕಿಲ್ಲ. ಒಂದೇ ಕಡೆ ಇಟ್ಟದ್ದು, ಅದು ಟ್ರಂಕಾಗಲಿ ಸರ್ವರಾಗಲಿ, ಒಂದೇ ಏಟಿಗೆ ಹೋಗುತ್ತದೆ.

ಡೇಟಾ ಇಷ್ಟು ಅಗ್ಗವಾಗಿರುವಾಗ ಇಳಿಸಿಕೊಳ್ಳುವ ತಾಪತ್ರಯ ಯಾಕೆ ಎಂಬುದು ಇನ್ನೊಂದು ಮಾತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಬಂದ ಮಾತು ಇದು, ಫೋನಿನಲ್ಲೇ ಕೇಳುವವರ ಮಟ್ಟಿಗೆ ಬಹುಪಾಲು ಸರಿ. ಆದರೆ ಟ್ರ್ಯಾಕ್ಟರಿನ ಡೆಕ್ಕಿಗೆ ಸಿಮ್ ಇಲ್ಲ. ಲೆಕ್ಕವನ್ನೂ ಒಮ್ಮೆ ಹಾಕಿ ನೋಡೋಣ. ಮಾತಿಗೆ ಸೆಕೆಂಡಿಗೆ 64 ಕಿಲೊಬಿಟ್ ಧಾರಾಳ ಸಾಕು. ಆ ಲೆಕ್ಕದಲ್ಲಿ ಒಂದು ಗಂಟೆಯ ಪ್ರವಚನ 28.8 ಎಂಬಿ ಆಗುತ್ತದೆ. 8 ಜಿಬಿಯ ಒಂದು ಚಿಪ್‌ನಲ್ಲಿ ಸುಮಾರು 270 ಗಂಟೆ ಹಿಡಿಯುತ್ತದೆ; ದಿನಕ್ಕೊಂದರಂತೆ ಕೇಳಿದರೆ ಒಂಬತ್ತು ತಿಂಗಳ ಬುತ್ತಿ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ದೇಹ ಬಿಟ್ಟ ಮೇಲೂ ಅವರ ಪ್ರವಚನ ಈ ಸೀಮೆಯ ಹಳ್ಳಿಗಳಲ್ಲಿ ಬೆಳಗಾದರೆ ಕೇಳುತ್ತದೆ. ಅಂಥದ್ದನ್ನು ಜನ ಒಂದು ಸಲ ಕೇಳಿ ಬಿಡುವುದಿಲ್ಲ. ಒಂದೇ ಪ್ರವಚನವನ್ನು ಹತ್ತು ಸಲ ಜಾಲತಾಣದಿಂದ ಕೇಳಿದರೆ 288 ಎಂಬಿಯವರೆಗೆ ಹೋಗಬಹುದು. ಒಮ್ಮೆ ಇಳಿಸಿಕೊಂಡರೆ 28.8ಕ್ಕೆ ಮುಗಿಯಿತು. ಡೌನ್‌ಲೋಡ್ ಕೊಟ್ಟರೆ ಸರ್ವರ್ ಮೇಲೆ ಭಾರ ಬೀಳುತ್ತದೆ ಎಂದು ಹೆದರುವ ತಾಣದವರೂ ಇದೇ ಲೆಕ್ಕ ನೋಡಬೇಕು. ಒಮ್ಮೆಯೂ ಕೇಳದೆ ಸುಮ್ಮನೆ ಇಳಿಸಿಕೊಂಡು ಇಡುವವರು ಇರುತ್ತಾರೆ, ಅವರಿಂದ ಒಂದಷ್ಟು ವ್ಯರ್ಥವೂ ಆಗುತ್ತದೆ. ಮತ್ತೆ ಮತ್ತೆ ಕೇಳುವ ದನಿಯ ವಿಷಯದಲ್ಲಿ ಮಾತ್ರ ಕೊಡುವುದೇ ಕಡಿಮೆ ಖರ್ಚು.

ಹಕ್ಕಿನ ಪ್ರಶ್ನೆ ಇವೆಲ್ಲಕ್ಕಿಂತ ಗಟ್ಟಿಯಾದದ್ದು, ಅದನ್ನು ಹಗುರವಾಗಿ ದಾಟಲಾರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಿಕೆಯ ಹಕ್ಕು, ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ. 1950ರಲ್ಲಿ ಹೊರಬಂದ ತಟ್ಟೆಯ ಮುದ್ರಣದ ಹಕ್ಕು 2010ರ ಕೊನೆಗೆ ಮುಗಿಯಿತು. ಆದರೆ ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಬೇರೆ. ಅದು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹಾಡಿದವರಿಗೂ ಪ್ರದರ್ಶಕರ ಹಕ್ಕು ಎಂಬುದಿದೆ. ಆದ್ದರಿಂದ ಹಳೆಯದು ಎಂದಮಾತ್ರಕ್ಕೆ ಯಾರು ಬೇಕಾದರೂ ಹಂಚಬಹುದು ಎಂದಾಗುವುದಿಲ್ಲ. ಹೊಸ ಜಾನಪದ ಹಾಡುಗಳನ್ನು ಕಟ್ಟಿ ಯೂಟ್ಯೂಬಿನಲ್ಲಿ ಬಿಟ್ಟು, ನೋಡಿದವರ ಎಣಿಕೆಯಿಂದ ಹೊಟ್ಟೆ ಹೊರೆಯುವ ಹಾಡುಗಾರರು ಈ ಭಾಗದಲ್ಲಿ ಅನೇಕರಿದ್ದಾರೆ. ಅವರ ಹಾಡನ್ನು ಕೊಡಬೇಕೋ ಕೇಳಿಸಬೇಕೋ ಎಂಬುದು ಅವರ ತೀರ್ಮಾನ, ಬೇರೆಯವರ ಉಪದೇಶ ಅವರಿಗೆ ಬೇಕಿಲ್ಲ. ನಾನು ಹೇಳುತ್ತಿರುವುದು ತಮ್ಮ ಹಕ್ಕಿನಲ್ಲೇ ಇರುವ ದನಿಯನ್ನು ಜನರಿಗಾಗಿಯೇ ಇಟ್ಟಿರುವವರ ಬಗ್ಗೆ: ಮಠ, ಆಶ್ರಮಗಳು, ವಿಶ್ವವಿದ್ಯಾಲಯಗಳು, ಬಾಗಲಕೋಟೆಯ ಬಯಲಾಟ ಅಕಾಡೆಮಿಯಂಥ ಸರಕಾರಿ ಸಂಸ್ಥೆಗಳು, ಜನರ ದುಡ್ಡಿನಲ್ಲಿ ನಡೆಯುವ ಆಕಾಶವಾಣಿ. ಇವರ ದಾಸ್ತಾನಿನಲ್ಲಿ ಹಕ್ಕಿನ ತೊಡಕಿಲ್ಲದ ದನಿ ಎಷ್ಟಿದೆಯೋ ಅಷ್ಟನ್ನಾದರೂ ಮಡಚಿ ಕೊಡಬಹುದು. ತೊಡಕಿರುವುದನ್ನು ಕೇಳಿಸಿ ಬಿಡಲಿ, ಅದರ ಕಾರಣವನ್ನು ಪಕ್ಕದಲ್ಲಿ ಬರೆಯಲಿ. ಈಗ ಆಗುತ್ತಿರುವುದು ಅದಲ್ಲ. ಕೊಡಬಹುದಾದದ್ದೂ ಕೊಡಬಾರದ್ದೂ ಒಂದೇ ಕಪ್ಪು ಪರದೆಯ ಹಿಂದಿವೆ, ಯಾರೂ ಆ ಬಗ್ಗೆ ಯೋಚಿಸಿರುವುದಿಲ್ಲ.

ಹಕ್ಕಿಗಿಂತ ಸೂಕ್ಷ್ಮವಾದದ್ದು ಒಪ್ಪಿಗೆ. ಮದುವೆಮನೆಯಲ್ಲಿ ಹೆಣ್ಣುಮಕ್ಕಳು ತಮ್ಮತಮ್ಮಲ್ಲೇ ಹಾಡಿಕೊಂಡ ಪದ, ಸಾವಿನ ಮನೆಯ ಹಾಡಿಕೆ, ಮೊಹರಂನ ಅಲಾಯಿಯ ಹೊತ್ತಿನಲ್ಲಿ ಓಣಿಯವರು ಹಾಡಿದ ರಿವಾಯತ್ ಪದ, ಇವನ್ನು ಸಂಶೋಧಕರು ಧ್ವನಿಮುದ್ರಿಸಿ ತಂದಿರುತ್ತಾರೆ. ಹಾಡಿದವರು ಆ ಸಂಶೋಧಕರೆದುರು ಹಾಡಿದ್ದರೇ ಹೊರತು ಊರೂರಿನ ಸ್ಪೀಕರಿಗಾಗಿ ಅಲ್ಲ. ಅಂಥ ದನಿಗೆ ಡೌನ್‌ಲೋಡ್ ಕೊಡುವ ಮೊದಲು ಅವರನ್ನು, ಅವರಿಲ್ಲದಿದ್ದರೆ ಮನೆಯವರನ್ನು ಕೇಳಲೇಬೇಕು. ಇಲ್ಲಿ ನನ್ನ ವಾದ ಹಿಂದೆ ಸರಿಯುತ್ತದೆ, ಸರಿಯುವುದೇ ಸರಿ. ಫೈಲ್ ಕೊಟ್ಟರೆ ಪ್ರವಚನದ ನಡುವಿನ ನಾಲ್ಕು ಮಾತು ಕತ್ತರಿಸಿ, ಅರ್ಥ ಕೆಡಿಸಿ ಹರಡುತ್ತಾರೆ ಎಂಬ ಅಳುಕಿಗೆ ಮಾತ್ರ ನಾನು ಹಿಂದೆ ಸರಿಯಲಾರೆ. ಕತ್ತರಿಸುವವರನ್ನು ಪ್ಲೇಯರ್ ಯಾವತ್ತೂ ತಡೆದಿಲ್ಲ, ಕೇಳುವುದನ್ನೆಲ್ಲ ಮುದ್ರಿಸಿಕೊಳ್ಳಬಹುದು. ತಡೆಯುವುದು ಪ್ರಾಮಾಣಿಕ ಕೇಳುಗರನ್ನು ಮಾತ್ರ. ಅವರು ಆಮೇಲೆ ಜಾಹೀರಾತು ತುಂಬಿದ ಯಾವುದೋ ತಾಣದಿಂದ, ಇಲ್ಲವೆ ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದದ್ದರಿಂದ ತಮ್ಮ ಚಿಪ್ ತುಂಬಿಕೊಳ್ಳುತ್ತಾರೆ. ಪ್ರತಿ ಹೇಗಿದ್ದರೂ ಆಗುತ್ತದೆ. ಊರಲ್ಲಿ ತಿರುಗುವುದು ಮೂಲದವರು ಕೊಟ್ಟ ಪೂರ್ತಿ ಪ್ರತಿಯೋ, ತಲೆಬಾಲ ಇಲ್ಲದ, ದನಿ ಒಡೆದ ತುಣುಕೋ ಎಂಬುದಷ್ಟೇ ಪ್ರಶ್ನೆ. ತುಣುಕಿನ ಬಗ್ಗೆ ಅನುಮಾನ ಬಂದಾಗ ಹೋಲಿಸಿ ನೋಡಲು ಹತ್ತು ಮನೆಗಳಲ್ಲಿ ಪೂರ್ತಿ ಪ್ರತಿ ಇದ್ದರೆ ಸುಳ್ಳು ಬೇಗ ಸಿಕ್ಕಿಬೀಳುತ್ತದೆ.

ವಾಟ್ಸಾಪಿನಿಂದ ಬಂದ ದನಿಯ ಹೆಸರನ್ನು ಒಮ್ಮೆ ನೋಡಿ: ‘ಎಯುಡಿ’ ಎಂಬ ಮೂರಕ್ಷರ, ತಾರೀಖು, ‘ಡಬ್ಲ್ಯುಎ’, ನಾಲ್ಕು ಅಂಕಿ. ಹಾಡಿದವರು ಯಾರು, ಯಾವ ಊರು, ಯಾವ ಪ್ರಸಂಗ, ಏನೂ ಇಲ್ಲ. ಆ ತಾರೀಖು ಕೂಡ ಹಾಡಿದ ದಿನದ್ದಲ್ಲ. ಇಲ್ಲಿಯೇ ಚೀಟಿಯ ಆ ಎರಡನೆಯ ಸಾಲಿನ ನಿಜವಾದ ಬೆಲೆ ಇದೆ ಎಂದು ನನಗೆ ಅನಿಸುತ್ತದೆ. ‘ಅಟ್ಯಾಚ್‌ಮೆಂಟ್’ ಎಂಬ ಮಾತಿನ ಪಕ್ಕದಲ್ಲೇ, ಇಳಿದ ಫೈಲಿಗೆ ಯಾವ ಹೆಸರಿರಬೇಕು ಎಂದು ಬರೆಯಲು ಜಾಗವಿದೆ. ಸರ್ವರ್‌ನಲ್ಲಿ ಅದು ‘ಟ್ರ್ಯಾಕ್ 01’ ಎಂದೇ ಇರಲಿ, ಕೇಳುಗರ ಫೋನಿಗೆ ಇಳಿಯುವಾಗ ಪ್ರಸಂಗ, ಹಾಡಿದವರು, ಊರು, ವರ್ಷ ಎಲ್ಲ ಸೇರಿದ ಹೆಸರು ಹೊತ್ತು ಇಳಿಯುತ್ತದೆ. ಶ್ರೀಕೃಷ್ಣ ಪಾರಿಜಾತವನ್ನೇ ತೆಗೆದುಕೊಳ್ಳಿ. ಕುಲಗೋಡ ತಮ್ಮಣ್ಣನ ಕೈಯಲ್ಲಿ ಹದಗೊಂಡು, ಕೌಜಲಗಿ ನಿಂಗಮ್ಮನಂಥವರ ದನಿಯಲ್ಲಿ ಬೆಳೆದು, ಲೋಕಾಪುರದ ಕಡೆ ಇವತ್ತಿಗೂ ಮೇಳಗಳಿರುವ ಆಟ ಅದು. ರಾತ್ರಿಯಿಡೀ ಎಂಟು ಗಂಟೆ ನಡೆದದ್ದನ್ನು ಒಂದೇ ಫೈಲ್ ಮಾಡಿದರೆ 64 ಕಿಲೊಬಿಟ್ಟಿನಲ್ಲೂ 230 ಎಂಬಿ. ಕೊರವಂಜಿಯ ಭಾಗ ಬೇಕೆಂದವರು ಅದರಲ್ಲಿ ಎಲ್ಲಿ ಹುಡುಕಬೇಕು? ಭಾಗ ಭಾಗವಾಗಿ ಒಡೆದು, ಒಂದೊಂದಕ್ಕೂ ಅದರದೇ ಹೆಸರಿಟ್ಟು ಕೊಟ್ಟರೆ ರುಕ್ಮಿಣಿಯನ್ನು ಒಬ್ಬರು, ಸತ್ಯಭಾಮೆಯನ್ನು ಇನ್ನೊಬ್ಬರು ಒಯ್ಯುತ್ತಾರೆ, ಮೇಳದ ಹೆಸರು ಎಲ್ಲರ ಜೊತೆಗೂ ಹೋಗುತ್ತದೆ. ಫೈಲಿನೊಳಗೆ ಐಡಿ3 ಎಂಬ ಅಡಗು ಜಾಗದಲ್ಲೂ ಇದೇ ವಿವರ ತುಂಬಿದರೆ, ಯಾರಾದರೂ ಹೊರಗಿನ ಹೆಸರು ಬದಲಿಸಿದರೂ ಒಳಗಿನದು ಉಳಿಯುತ್ತದೆ.

ಹೆಸರು ಕನ್ನಡದಲ್ಲೇ ಇರಬಹುದೇ? ಇರಬಹುದು. 2011ರ ನಿಯಮ ಇದಕ್ಕೆ ಎರಡು ಜಾಗ ಕೊಟ್ಟಿದೆ. ‘ಫೈಲ್‌ನೇಮ್’ ಎಂಬಲ್ಲಿ ಇಂಗ್ಲಿಷ್ ಅಕ್ಷರದ ಸರಳ ಹೆಸರು, ಅದಕ್ಕೇ ಒಂದು ನಕ್ಷತ್ರ ಚಿಹ್ನೆ ಸೇರಿಸಿದ ಇನ್ನೊಂದರಲ್ಲಿ ಯುಟಿಎಫ್-8 ಕ್ರಮದಲ್ಲಿ ಬರೆದ ಕನ್ನಡದ ಹೆಸರು. ಎರಡನ್ನೂ ಕೊಟ್ಟರೆ ಈಗಿನ ಬ್ರೌಸರ್ ಕನ್ನಡದ್ದನ್ನು ಆರಿಸಿಕೊಳ್ಳುತ್ತದೆ, ಅದು ತಿಳಿಯದ ಹಳೆಯದು ಇಂಗ್ಲಿಷಿನದ್ದಕ್ಕೆ ನಿಲ್ಲುತ್ತದೆ. ಫೋನಿನ ಪರದೆಯಲ್ಲಿ ಕನ್ನಡ ಚೆಂದವಾಗಿ ಕಾಣುತ್ತದೆ. ಟ್ರ್ಯಾಕ್ಟರಿನ ಅಗ್ಗದ ಡೆಕ್ಕಿನ ಪುಟ್ಟ ಪರದೆಗೆ ಮಾತ್ರ ಕನ್ನಡ ಲಿಪಿ ಬರುವುದಿಲ್ಲ. ಅಲ್ಲಿ ಕಾಣುವುದು ಚೌಕುಳಿಗಳು, ಇಲ್ಲವೆ ಬರೀ ಅಂಕಿ. ಅದಕ್ಕಾಗಿ ಕನ್ನಡದ ಹೆಸರನ್ನು ಕೈಬಿಡಬೇಕಿಲ್ಲ. ಹೆಸರಿನ ಮೊದಲಿಗೆ 01, 02, 03 ಎಂದು ಎರಡು ಅಂಕಿ ಇಟ್ಟರೆ ಡೆಕ್ಕಿನ ಪರದೆಯಲ್ಲಿ ಅಕ್ಷರ ಮೂಡದಿದ್ದರೂ ಅಂಕಿ ಗುರುತು ಸಿಗುತ್ತದೆ, ಹೆಸರಿನ ಸರದಿಯಂತೆ ನುಡಿಸುವ ಡೆಕ್ಕಿನಲ್ಲಿ ಭಾಗಗಳೂ ಒಂದರ ಹಿಂದೆ ಒಂದು ಬರುತ್ತವೆ. ಜಾಲತಾಣ ಸಿದ್ಧವಾಯಿತು ಎಂದುಕೊಂಡವರು ಕಚೇರಿಯ ಕಂಪ್ಯೂಟರಿನಲ್ಲಿ ಅದನ್ನು ಪರೀಕ್ಷಿಸಿ ಸುಮ್ಮನಾಗಬಾರದು. ಕಡಿಮೆ ಬೆಲೆಯ ಒಂದು ಫೋನಿನಲ್ಲಿ ಲಿಂಕ್ ಒತ್ತಿ, ಇಳಿದ ಫೈಲನ್ನು ಪೆನ್‌ಡ್ರೈವಿಗೆ ಹಾಕಿ, ಕಬ್ಬಿನ ಗಾಡಿಯ ಡೆಕ್ಕಿಗೆ ಸಿಕ್ಕಿಸಿ ನೋಡಬೇಕು: ಗಣಪತಿಯ ಸ್ತುತಿ ಮುಗಿದ ಮೇಲೆ ಬರಬೇಕಾದ ಭಾಗವೇ ಬಂತೇ ಎಂದು.